ನೋಶನ್‌ನಲ್ಲಿ ಕೊಯ್ಲಿನ ಲೆಕ್ಕ: ಹೊಸ ಸಾಲಿಗೆ ಟೆಂಪ್ಲೇಟ್ ಮಾಡೋದು ಹೇಗೆ?

ಪ್ರಶ್ನೆ (ಸಿದ್ದಾಪುರ ಕಡೆಯ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು):
ಸಾರ್, ರೋಬಸ್ಟಾ ಕಾಫಿ ಕೊಯ್ಲಿನ ಲೆಕ್ಕ ಈಗ ನೋಶನ್ ಆ್ಯಪ್‌ನ ಟೇಬಲ್‌ನಲ್ಲಿ ಬರೀತಿದ್ದೇವೆ. ದಿನಕ್ಕೆ, ಬ್ಲಾಕಿಗೆ ಒಂದೊಂದು ಸಾಲು. ಸಾಲು ತೆರೆದರೆ ಒಳಗೆ ಕೆಲಸದವರ ತೂಕದ ಪಟ್ಟಿ, ಕಣದ ಚೆಕ್‌ಲಿಸ್ಟ್. ದಿನಾ ನಿನ್ನೆಯ ಸಾಲನ್ನೇ ಡುಪ್ಲಿಕೇಟ್ ಮಾಡಿ ತಿದ್ದುತ್ತೇವೆ. ಒಂದು ಕಡೆ ತಿದ್ದೋಕೆ ಮರೆತರೂ ಹಳೇ ತೂಕ, ಹಳೇ ಟಿಕ್ ಹಾಗೇ ಉಳಿದು ಬಟವಾಡೆ ದಿನ ಮೊತ್ತ ತಾಳೆ ಆಗಲ್ಲ. ಮಾಲೀಕರು ಮಡಿಕೇರಿಯಿಂದ, ನಾನು ತೋಟದಿಂದ, ಇಬ್ಬರೂ ತುಂಬುತ್ತೇವೆ. ಖಾಲಿ ಅಚ್ಚೊಂದು ಇಟ್ಟುಕೊಳ್ಳೋಕಾಗುತ್ತಾ?

ಉತ್ತರ:
ಆಗುತ್ತೆ. ಡುಪ್ಲಿಕೇಟ್ ಇವತ್ತಿಗೇ ಬಿಡಿ. ಟೇಬಲ್‌ನ ಬಲಗಡೆ ಮೇಲೆ ನೀಲಿ ಬಣ್ಣದ ‘ನ್ಯೂ’ ಇದೆಯಲ್ಲ, ಅದರ ಪಕ್ಕದ ಬಾಣ ಒತ್ತಿ ‘ನ್ಯೂ ಟೆಂಪ್ಲೇಟ್’ ಆರಿಸಿ. ತೆರೆಯುವ ಪುಟ ಸಾಲಿನ ಹಾಗೇ ಕಾಣುತ್ತೆ, ಆದರೆ ಟೇಬಲ್‌ನ ಲೆಕ್ಕಕ್ಕೆ ಸೇರಲ್ಲ. ಅದಕ್ಕೆ ‘ರೋಬಸ್ಟಾ ಚೆರಿ – ದಿನದ ಕೊಯ್ಲು’ ಅಂತ ಸ್ಪಷ್ಟ ಹೆಸರು ಕೊಡಿ (ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು); ಹೊಸ ಸಾಲಿನ ಹೆಸರೂ ಅದೇ ಆಗಿ ಬರುತ್ತೆ.

ಬೆಳೆ, ವಿಧ, ಕೊಯ್ಲಿನ ಕೆ.ಜಿ. ದರ ತುಂಬಿಡಿ. ಬ್ಲಾಕ್, ತೂಕ, ಮೇಸ್ತ್ರಿ ಹೆಸರು ಖಾಲಿ ಇರಲಿ. ತೂಕದ ಜಾಗದಲ್ಲಿ 0 ಬರೆದಿಡಬೇಡಿ. ಖಾಲಿ ಅಂದರೆ ಇನ್ನೂ ತೂಗಿಲ್ಲ, 0 ಅಂದರೆ ಕೊಯ್ಲೇ ಆಗಿಲ್ಲ. ಎರಡೂ ಒಂದೇ ಥರ ಕಂಡರೆ ತುಂಬದ ಸಾಲು ಹುಡುಕೋಕೆ ದಾರಿಯೇ ಇರಲ್ಲ. ತಾರೀಖಿಗೆ ಕ್ಯಾಲೆಂಡರ್‌ನ ಯಾವುದೋ ದಿನ ಒತ್ತಬೇಡಿ, ‘ಟುಡೇ’ ಆರಿಸಿ. ಸಾಲು ಹುಟ್ಟಿದ ದಿನ ತಾನಾಗಿ ಬೀಳುತ್ತೆ. ನಿನ್ನೆ ಸಂಜೆಯ ತೂಕವನ್ನು ಇವತ್ತು ಬೆಳಿಗ್ಗೆ ಬರೆದರೆ ಮಾತ್ರ ತಾರೀಖು ಒಂದು ದಿನ ಮುಂದೆ ಹೋಗುತ್ತೆ. ಅದಕ್ಕೇ ‘ಕ್ರಿಯೇಟೆಡ್ ಟೈಮ್’ ಕಾಲಂ ಒಂದನ್ನು ಪಕ್ಕದಲ್ಲಿಡಿ. ಬೆಳಿಗ್ಗೆ ಏಳು ಗಂಟೆಗೆ ಹುಟ್ಟಿದ ಕೊಯ್ಲಿನ ಸಾಲು ಕಂಡರೆ ಅನುಮಾನಪಡಿ.

ಈಗ ತೂಕದ ಪಟ್ಟಿ, ಎಡವೋದು ಹೆಚ್ಚಾಗಿ ಇಲ್ಲೇ. ಕೆಲಸದವರ ತೂಕವನ್ನು ಸಾಲಿನೊಳಗೆ ಸಾದಾ ಟೇಬಲ್ ಆಗಿ ಬರೆದರೆ ಹೊರಗಿನ ಕಾಲಂ ಅದನ್ನು ಕೂಡಲ್ಲ. ‘ತೂಕ’ ಅಂತ ಬೇರೆ ಡೇಟಾಬೇಸ್ ಮಾಡಿ, ಈ ಕೊಯ್ಲಿನ ಟೇಬಲ್ ಜೊತೆ ರಿಲೇಷನ್ (ಎರಡರ ಸಾಲುಗಳನ್ನು ಜೋಡಿಸುವ ಕಾಲಂ) ಕೊಡಿ, ಜೋಡಿಸಿದ ಸಾಲುಗಳ ಅಂಕಿ ಕೂಡಿಸುವ ರೋಲಪ್‌ನಲ್ಲಿ ‘ಸಮ್’ ಇಡಿ. ಆಮೇಲೆ ಟೆಂಪ್ಲೇಟ್ ಪುಟದ ಒಳಗೆ ‘ತೂಕ’ದ ಲಿಂಕ್ಡ್ ವ್ಯೂ (ಆ ಡೇಟಾಬೇಸನ್ನು ಇಲ್ಲೇ ತೋರಿಸುವ ಕಿಟಕಿ) ಹಾಕಿ, ಫಿಲ್ಟರ್‌ನಲ್ಲಿ ಆ ರಿಲೇಷನ್ ಆರಿಸಿ ಟೆಂಪ್ಲೇಟ್‌ನ ಹೆಸರನ್ನೇ ಕೊಡಿ. ಹೊಸ ಸಾಲು ಹುಟ್ಟಿದಾಗ ಫಿಲ್ಟರ್ ಆ ಸಾಲಿಗೇ ತಿರುಗುತ್ತೆ; ಅಲ್ಲಿ ಸೇರಿಸಿದ ಪ್ರತಿ ತೂಕವೂ ತಾನಾಗಿ ಆ ದಿನಕ್ಕೆ ಅಂಟುತ್ತೆ. ಫಿಲ್ಟರ್‌ಗೆ ಹಳೇ ಸಾಲೊಂದರ ಹೆಸರು ಕೊಟ್ಟುಬಿಟ್ಟರೆ ಎಲ್ಲ ದಿನದ ಪುಟದಲ್ಲೂ ಅದೇ ಹಳೇ ದಿನದ ತೂಕ ಕಾಣುತ್ತೆ.

ಮರುಪ್ರಶ್ನೆ (ಅದೇ ರೈಟರ್):
ದರ ಟೆಂಪ್ಲೇಟ್‌ನಲ್ಲಿ ಬೇಡ, ಫಾರ್ಮುಲಾದಲ್ಲಿ ಇಡಿ ಅಂತ ಮಾಲೀಕರು ಹೇಳ್ತಾರೆ. ಒಂದೇ ಕಡೆ ಬದಲಾಯಿಸಿದರೆ ಸಾಕಲ್ವಾ?

ಉತ್ತರ:
ಬೇಡ. ಕೆ.ಜಿ.ಗೆ 5 ರೂಪಾಯಿ ಇದ್ದ ದರ ಜನವರಿ ಕೊನೆಗೆ 6 ಆಯಿತು ಅಂತಿಟ್ಟುಕೊಳ್ಳಿ. ಫಾರ್ಮುಲಾದಲ್ಲಿ ಬದಲಾಯಿಸಿದ ಕೂಡಲೇ ಬಟವಾಡೆ ಮುಗಿದ ಹಳೇ ಸಾಲುಗಳೂ 6ರ ಲೆಕ್ಕಕ್ಕೆ ಹಾರುತ್ತವೆ, ಕೊಟ್ಟ ದುಡ್ಡಿಗೂ ಪುಸ್ತಕಕ್ಕೂ ಸಂಬಂಧ ಇರಲ್ಲ. ಟೆಂಪ್ಲೇಟ್ ಹಾಗಲ್ಲ. ಒತ್ತಿದ ಮೇಲೆ ಅಚ್ಚಿಗೂ ಇಟ್ಟಿಗೆಗೂ ನಂಟು ಮುಗಿಯಿತು. ನಾಳೆ ಟೆಂಪ್ಲೇಟ್‌ನಲ್ಲಿ 6 ಮಾಡಿದರೆ ನಾಳೆಯಿಂದ ಹುಟ್ಟೋ ಸಾಲಿಗಷ್ಟೇ 6. ಇದನ್ನು ಕೊರತೆ ಅಂತ ಬೈಯುವವರಿದ್ದಾರೆ, ಕೂಲಿ ಲೆಕ್ಕಕ್ಕೆ ನಮಗೆ ಬೇಕಾಗಿರೋದೇ ಇದು. ಯಾವತ್ತೂ ಬದಲಾಗದ್ದು ಮಾತ್ರ ಫಾರ್ಮುಲಾಕ್ಕೆ ಹೋಗಲಿ: ದರ ಗುಣಿಸು ತೂಕ ಅನ್ನೋ ಗುಣಾಕಾರ, ಮಳೆಯ ಅಳತೆಯನ್ನು ಒಂದು ಮಾನದಿಂದ ಇನ್ನೊಂದಕ್ಕೆ ಬದಲಿಸೋದು ಇಂಥವು.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯೆ):
ನಮ್ಮಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ), ರೋಬಸ್ಟಾ ಚೆರಿ, ಕರಿಮೆಣಸು ಮೂರೂ ಇದೆ. ಫೋನಿನಲ್ಲಿ ತುಂಬುವಾಗ ತಪ್ಪು ಟೆಂಪ್ಲೇಟ್ ಒತ್ತಿಬಿಡ್ತಾರೆ. ಮತ್ತೆ ಮಳೆ ಲೆಕ್ಕಕ್ಕೂ ಇದು ಆಗುತ್ತಾ?

ಉತ್ತರ:
ಒಂದೊಂದಕ್ಕೂ ಬೇರೆ ಟೆಂಪ್ಲೇಟ್ ಮಾಡಿ, ಚೆಕ್‌ಲಿಸ್ಟೇ ಬೇರೆಯಲ್ಲವಾ ಮೇಡಂ: ಪಾರ್ಚ್‌ಮೆಂಟ್‌ಗೆ ಅದೇ ದಿನ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋದು), ತೊಳೆಯೋದು, ತೇವಾಂಶ 10 ಶೇಕಡಾಕ್ಕೆ ಇಳಿಯೋವರೆಗೆ ಒಣಗಿಸೋದು, ರೋಬಸ್ಟಾ ಚೆರಿಗೆ ಕಣ, ಕೆದಕೋದು, 11 ಶೇಕಡಾ. ಆಮೇಲೆ ಬೆಳೆಗೊಂದು ವ್ಯೂ (ಅದೇ ಟೇಬಲ್ ತೋರಿಸುವ ಬೇರೆ ಟ್ಯಾಬ್) ಮಾಡಿ ಫಿಲ್ಟರ್ ಹಾಕಿ. ಬಾಣ ಒತ್ತಿ ಟೆಂಪ್ಲೇಟ್ ಹೆಸರಿನ ಪಕ್ಕದ ಮೂರು ಚುಕ್ಕಿಯಲ್ಲಿ ‘ಸೆಟ್ ಆಸ್ ಡಿಫಾಲ್ಟ್’ ಕೊಟ್ಟಾಗ, ಎಲ್ಲ ವ್ಯೂಗೋ ಈ ವ್ಯೂಗೆ ಮಾತ್ರವೋ ಅಂತ ಕೇಳುತ್ತೆ. ಈ ವ್ಯೂಗೆ ಮಾತ್ರ ಅನ್ನಿ. ಆಗ ಮೆಣಸಿನ ಟ್ಯಾಬ್‌ನಲ್ಲಿ ‘ನ್ಯೂ’ ಒತ್ತಿದರೆ ಮೆಣಸಿನ ಸಾಲೇ ಬರುತ್ತೆ, ಆರಿಸುವ ಗೋಜಿಲ್ಲ.

ಮಳೆಗೆ ಅದೇ ಮೂರು ಚುಕ್ಕಿಯಲ್ಲಿ ‘ರಿಪೀಟ್’ ಇದೆ. ದಿನಾ, ಬೆಳಿಗ್ಗೆ 8:30 ಅಂತ ಇಟ್ಟರೆ ಮಾಪಕ ಓದುವ ಹೊತ್ತಿಗೆ ಖಾಲಿ ಸಾಲು ಕಾದಿರುತ್ತೆ. ನಾವು ಅಳೆಯೋದು ಸೆಂಟ್‌ನಲ್ಲಿ, ಕೃಷಿ ಇಲಾಖೆಯ ಅಂಕಿ ಮಿಲಿಮೀಟರ್‌ನಲ್ಲಿ. 100 ಸೆಂಟ್ ಅಂದರೆ ಒಂದು ಇಂಚು, 25.4 ಮಿ.ಮೀ. ಸೆಂಟ್ ಕಾಲಂ ಅನ್ನು 0.254ರಿಂದ ಗುಣಿಸುವ ಫಾರ್ಮುಲಾ ಹಾಕಿ. 120 ಸೆಂಟ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) 30.48 ಮಿ.ಮೀ. ಅಂತ ತೋರಿಸಬೇಕು. ‘ಹೂಮಳೆ’, ‘ಬ್ಯಾಕಿಂಗ್’ (ಹೂಮಳೆಯ ನಂತರದ ಪೋಷಕ ಮಳೆ) ಅನ್ನೋ ಆಯ್ಕೆಯನ್ನು ಟೆಂಪ್ಲೇಟ್‌ನಲ್ಲಿ ತುಂಬಿಡಬೇಡಿ, ಮಳೆ ಬಿದ್ದ ಮೇಲೆ ಕೈಯಾರೆ ಆರಿಸಿ.

ಮರುಪ್ರಶ್ನೆ (ರೈಟರ್):
ಈಗಾಗಲೇ ಇರೋ ಹಳೇ ಸಾಲುಗಳಿಗೆ ಟೆಂಪ್ಲೇಟ್ ಹಾಕಬಹುದಾ?

ಉತ್ತರ:
ಒಳಗೆ ಏನೂ ಬರೆಯದ ಸಾಲನ್ನು ತೆರೆದರೆ ಟೆಂಪ್ಲೇಟ್ ಪಟ್ಟಿ ಅಲ್ಲೇ ಕಾಣುತ್ತೆ, ಒತ್ತಿ. ಬರೆದಾಗಿರೋ ಸಾಲನ್ನು ಮುಟ್ಟಬೇಡಿ; ಬಟವಾಡೆ ಆಗಿದ್ದರೆ ಅದು ಹಾಗೇ ಇರಲಿ, ಈ ಸೋಮವಾರದಿಂದ ಹೊಸ ಅಚ್ಚು ಶುರು ಮಾಡಿ. ಟೆಂಪ್ಲೇಟ್ ಒಂದು ವಾರ ಸರಿಯಾಗಿ ಓಡಿದ ಮೇಲೆ ಡೇಟಾಬೇಸನ್ನು ಲಾಕ್ ಮಾಡಿ, ಗಡಿಬಿಡಿಯಲ್ಲಿ ಯಾರಾದರೂ ಕಾಲಂ ಅಳಿಸೋದು ತಪ್ಪುತ್ತೆ. ಕಣದ ತೂಕದ ಪುಸ್ತಕ ಮಾತ್ರ ಈ ಕೊಯ್ಲು ಮುಗಿಯೋವರೆಗೆ ನಿಲ್ಲಿಸಬೇಡಿ.