ಮೂರು ಪ್ರಾಜೆಕ್ಟ್, ಒಂದೇ ತಲೆ: ಮನೋವೈದ್ಯರನ್ನ ಕೇಳಿ

ಅಡ್ಮಿನ್: ಇವತ್ತು ಸಂಜೆ ಡಾಕ್ಟರ್ ಮೇಡಂ ಗ್ರೂಪಲ್ಲಿದಾರೆ. ಎರಡು ಮೂರು ಪ್ರಾಜೆಕ್ಟ್ ಒಟ್ಟಿಗೆ ಹೊತ್ಕೊಂಡು ಸುಸ್ತಾಗಿರೋರು ಕೇಳಿ. ಫಾರ್ವರ್ಡ್ ಹಾಕ್ಬೇಡಿ.

ಮಾರತಹಳ್ಳಿ ಟೆಸ್ಟರ್: ಎರಡು ಪ್ರಾಜೆಕ್ಟ್ ನೋಡ್ಕೋತೀನಿ ಮೇಡಂ, ಸಂಜೆ ಹೊತ್ತಿಗೆ ಎರಡೂ ಅರ್ಧಂಬರ್ಧ. ಯಾಕೆ ಹೀಗೆ?

ಡಾಕ್ಟರ್: ಒಂದನ್ನ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದ್ರೆ ಗಮನ ಪೂರ್ತಿ ಈ ಕಡೆ ಬರಲ್ಲ, ಸ್ವಲ್ಪ ಅಲ್ಲೇ ಉಳ್ಕೊಳುತ್ತೆ. ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲೇ ಪ್ರಯೋಗ ಮಾಡಿ ತೋರಿಸಿದಾರೆ. ಬಿಡೋ ಮುಂಚೆ ಎಲ್ಲಿಗೆ ನಿಲ್ಸಿದೀನಿ, ಮತ್ತೆ ಬಂದಾಗ ಮೊದ್ಲು ಏನು ಮಾಡ್ಬೇಕು ಅಂತ ಎರಡು ಸಾಲು ಬರ್ದಿಡಿ. ಬೆಳಗ್ಗೆ ಒಂದು, ಊಟ ಆದ್ಮೇಲೆ ಇನ್ನೊಂದು.

ಬೆಳ್ಳಂದೂರು ನಿವಾಸಿ: ಮೇಡಂ ನಂದು ಮೂರು ಪ್ರಾಜೆಕ್ಟ್, ಶೀಟಲ್ಲಿ ನನ್ನ ಟೈಮ್ 50, 50, 30 ಪರ್ಸೆಂಟ್ ಅಂತ ಹಂಚಿ ಹಾಕಿದಾರೆ, ಕೂಡಿದ್ರೆ 130 ಆಗುತ್ತಲ್ಲ ಅಂದ್ರೆ ಮ್ಯಾನೇಜರ್ ನಗ್ತಾರೆ. ಅಮೆರಿಕ ಕಾಲ್ ಮುಗಿಯೋದು ರಾತ್ರಿ 11ಕ್ಕೆ, 3ಕ್ಕೇ ಎಚ್ಚರ, ಎದೆ ಡವಡವ. ಮೊನ್ನೆ ಇಬ್ಲೂರು ಸಿಗ್ನಲ್ಲಲ್ಲಿ ಗ್ರೀನ್ ಬಿದ್ರೂ ಗಾಡಿ ಮೇಲೆ ಸುಮ್ನೆ ಕೂತಿದ್ದೆ, ಹಿಂದಿನವ್ರು ಬೈದ್ಮೇಲೇ ಗೊತ್ತಾಗಿದ್ದು. ರೂಮಲ್ಲಿ ಒಬ್ಬನೇ. ಬೆಳಗ್ಗೆ ಏಳದೇ ಹೋದ್ರೆ ಸಾಕಪ್ಪ ಅನ್ಸುತ್ತೆ. ಅಶ್ವಗಂಧ ತಗೋಬಹುದಾ?

ಬಸವನಗುಡಿ ರಾಯರು: ಫಾರ್ವರ್ಡ್ ಬಂದಿದೆ ನೋಡಿ. ಹಾಲಿಗೆ ಅಶ್ವಗಂಧ, ಜಾಯಿಕಾಯಿ ಹಾಕಿ 21 ದಿನ ಕುಡಿದ್ರೆ ಬರ್ನ್‌ಔಟ್ ಮಾಯ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಬೆಳ್ಳಂದೂರು ಅವ್ರೆ, ನನಗೆ ಭಯ ಆಗ್ತಿರೋದು 'ಏಳದೇ ಹೋದ್ರೆ ಸಾಕು' ಅಂದಿದೀರಲ್ಲ, ಅದಕ್ಕೆ. ನೇರವಾಗೇ ಕೇಳ್ತೀನಿ, ಸಾಯೋ ಯೋಚನೆ ಬರ್ತಿದ್ಯಾ? ಇಲ್ಲಿ ಬರೀಬೇಡಿ, ಮೆಸೇಜ್ ಮಾಡಿದೀನಿ, ಅಲ್ಲಿ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿ, ಹಗಲೂ ರಾತ್ರಿ ಇರ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ತಡ್ಕೊಳಕ್ಕೇ ಆಗ್ತಿಲ್ಲ ಅಂದ್ರೆ ಹೊಸೂರು ರೋಡ್ ನಿಮ್ಹಾನ್ಸ್ ಎಮರ್ಜೆನ್ಸಿಗೆ ಹೋಗಿ, ಆಟೋದಲ್ಲಿ, ಗಾಡಿ ಓಡಿಸ್ಬೇಡಿ. ಇವತ್ತು ರಾತ್ರಿ ಯಾರನ್ನಾದ್ರೂ ಜೊತೆಗೆ ಕರೆಸ್ಕೊಳಿ. ಬರ್ನ್‌ಔಟ್‌ನ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅನ್ನಲ್ಲ, ಕೆಲಸದ ಒತ್ತಡದಿಂದ ಬರೋ ಸ್ಥಿತಿ ಅನ್ನುತ್ತೆ. ನಿಮ್ದು ಡಿಪ್ರೆಷನ್ ಇರ್ಬಹುದು, ಅದು ಕಾಯಿಲೆ, ಚಿಕಿತ್ಸೆ ಇದೆ, ವಾಸಿ ಆಗೋರು ಬೇಕಾದಷ್ಟು ಜನ ಇದಾರೆ. ಎದೆ ಡವಡವಕ್ಕೆ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸ್ಲೇಬೇಕು. ಅಶ್ವಗಂಧ ಬೇಡ, ಥೈರಾಯ್ಡ್ ಹಾರ್ಮೋನ್ ಏರಿಸ್ಬಹುದು, ಲಿವರ್‌ಗೆ ಪೆಟ್ಟು ಬಿದ್ದ ಕೇಸ್‌ಗಳೂ ಇವೆ. ರಾಯರೇ, ಆ ಫಾರ್ವರ್ಡ್ ತೆಗೀರಿ.

ಬಸವನಗುಡಿ ರಾಯರು: ಆಯುರ್ವೇದ ಅಂದ್ರೆ ನಿಮಗೆಲ್ಲ ಅಸಡ್ಡೆ. ನಾವು ಫ್ಯಾಕ್ಟ್ರೀಲಿ ಮೂರು ಶಿಫ್ಟೂ ಮಾಡಿದ್ವಿ, ಏನೂ ಆಗ್ಲಿಲ್ಲ.

ಕೆಂಗೇರಿ ಡಿಸೈನರ್: ಶಿಫ್ಟ್ ಮುಗಿದ್ಮೇಲೆ ಮನೆಗೆ ಬಾಸ್ ಫೋನ್ ಬರ್ತಿತ್ತಾ ಅಂಕಲ್?

ಬಸವನಗುಡಿ ರಾಯರು: ನಿಮ್ಮಷ್ಟು ಸಂಬಳನೂ ಬರ್ತಿರ್ಲಿಲ್ಲಮ್ಮ.

ಕೆಂಗೇರಿ ಡಿಸೈನರ್: ಸಂಬಳ ಕೊಡ್ತಾರೆ ಅಂತ ನಿದ್ದೆನೂ ಬರ್ಕೊಟ್ಟಿದೀವಾ?

ಯಲಹಂಕ: ತಂಗಿ ಬಿಇ ಫೈನಲ್ ಇಯರ್, ಪ್ರಾಜೆಕ್ಟ್ ಜೊತೆ ಇಂಟರ್ನ್‌ಶಿಪ್, ಊಟನೇ ಮಾಡ್ತಿಲ್ಲ. ಏನ್ ಮಾಡ್ಲಿ?

ಹೊಸ ಸದಸ್ಯ: ಮೇಡಂ ಎರಡು ಪ್ರಾಜೆಕ್ಟ್ ಮ್ಯಾನೇಜ್ ಮಾಡೋದು ಹೇಗೆ?

ಡಾಕ್ಟರ್: ಮೇಲಿದೆ.

ರಾಜಾಜಿನಗರ: ವಾರಕ್ಕೆ 60 ಗಂಟೆ ಪರವಾಗಿಲ್ವಾ? ಅಭ್ಯಾಸ ಆಗಿದೆ.

ಡಾಕ್ಟರ್: ಇಲ್ಲ. 55 ದಾಟಿದ್ರೆ, 35-40 ಗಂಟೆ ಮಾಡೋರಿಗಿಂತ ಸ್ಟ್ರೋಕ್ ಅಪಾಯ ಸುಮಾರು 35 ಪರ್ಸೆಂಟ್ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ 2021ರಲ್ಲಿ ಹೇಳಿದೆ. ಅಭ್ಯಾಸ ಆಗಿದೆ ಅಂತ ರಕ್ತನಾಳ ಬಿಡಲ್ಲ.

ಬಸವನಗುಡಿ ರಾಯರು: ಸುಮ್ನೆ ಹೆದರಿಸ್ತೀರಿ. ನಮ್ಮಜ್ಜ...

ಡಾಕ್ಟರ್: ರಾಯರೇ, ಸಾಕು. ಇಲ್ಲೊಬ್ರು ಕಷ್ಟದಲ್ಲಿದಾರೆ, ನಿಮ್ಮ ಜಗಳದಲ್ಲಿ ಅವ್ರ ಮೆಸೇಜ್ ಮೇಲಕ್ಕೆ ಹೋಗ್ಬಿಡ್ತು. ಬೆಳ್ಳಂದೂರು ಅವ್ರೆ, ಇದೀರಾ?

ಬೆಳ್ಳಂದೂರು ನಿವಾಸಿ: ಇದೀನಿ ಮೇಡಂ. 14416ಕ್ಕೆ ಮಾತಾಡ್ದೆ. ಅಕ್ಕ ತುಮಕೂರಿಂದ ಹೊರಟಿದಾಳೆ. ನಾಳೆ 9ಕ್ಕೆ ಡೆಮೋ ಇದೆ, ಏನ್ ಹೇಳ್ಲಿ?

ಡಾಕ್ಟರ್: ಹುಷಾರಿಲ್ಲ, ರಜೆ ಅಂತ ಒಂದು ಸಾಲು ಮೇಲ್ ಹಾಕಿ, ಕಾರಣ ವಿವರಿಸ್ಬೇಡಿ. 130 ಪರ್ಸೆಂಟ್ ಲೆಕ್ಕ ಆಮೇಲೆ ಕೂತು ಬರೆಯೋಣ. ಅಕ್ಕ ಬರೋವರ್ಗೂ ಫೋನ್ ಆಫ್ ಮಾಡ್ಬೇಡಿ, ಈಗ ನಾನೇ ಕಾಲ್ ಮಾಡ್ತೀನಿ, ಎತ್ತಿ.