ಹಲವು ಕಥೆಗಳ ಒಂದೇ ಸಿನಿಮಾ: ನೋಡಿದವರ ಮಾತನ್ನು ಎಷ್ಟು ನಂಬುವುದು?

ಕೇಳಿದವರು:

ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಸಿನಿಮಾ ನೋಡಬೇಕೆಂದಿದ್ದೇವೆ. ಆರಿಸುವ ಹೊಣೆ ನನ್ನ ತಲೆಗೆ ಬಂದಿದೆ. ನಾನು ಕಣ್ಣಿಟ್ಟಿರುವ ಚಿತ್ರದಲ್ಲಿ ನಾಯಕ, ನಾಯಕಿ ಎಂದು ಯಾರೂ ಇಲ್ಲವಂತೆ. ಮುರಿಯುವ ಅಂಚಿಗೆ ಬಂದ ಮದುವೆ, ಮೊದಲ ಪ್ರೀತಿಯ ಹುಡುಗ, ಮಾತು ಬಿಟ್ಟ ಅಣ್ಣತಮ್ಮಂದಿರು, ಒಂಟಿ ಮುದುಕಿ, ಹೀಗೆ ಐದಾರು ಕಥೆಗಳು ಒಂದರೊಳಗೊಂದು ನುಗ್ಗಿಕೊಂಡು ಸಾಗುತ್ತವೆಯಂತೆ. ನಗುವೂ ಇದೆ, ಅಳುವೂ ಇದೆ ಎನ್ನುತ್ತಾರೆ. ನೋಡಿದವರ ಅಭಿಪ್ರಾಯಗಳು ಮಾತ್ರ ಸರಿಯಾಗಿ ಎರಡು ಹೋಳು. ‘ಮನಸ್ಸು ತುಂಬಿ ಬಂತು’ ಎಂದು ಒಬ್ಬರು, ‘ತಲೆಬುಡವಿಲ್ಲ’ ಎಂದು ಇನ್ನೊಬ್ಬರು. ಇಬ್ಬರೂ ನೋಡಿದ್ದು ಒಂದೇ ಚಿತ್ರವೇ ಎಂದು ಅನುಮಾನ ಬರುತ್ತದೆ. ಅಮ್ಮನಿಗೆ ಕಥೆಯ ಎಳೆ ತಪ್ಪಿದರೆ ಬೇಸರ, ಮಗನಿಗೆ ಕಥೆ ನಿಧಾನವಾದರೆ ಬೇಸರ. ಇಂಥ ಚಿತ್ರಗಳನ್ನು ನೋಡಿ ರೂಢಿಯಿರುವವರು ನಿಮ್ಮ ಅನುಭವ ತಿಳಿಸಿ. ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ದಯವಿಟ್ಟು ಹೇಳಬೇಡಿ.

ಮೊದಲು ಬರೆದವರು:

ಬೇಡ. ದುಡ್ಡು ಕೊಟ್ಟು ಒಂದು ಕಥೆ ನೋಡಲು ಹೋಗುತ್ತೇವೆ. ಆರು ಕಥೆಗಳ ಮೊದಲ ಪುಟ ತೋರಿಸಿ ಕಳುಹಿಸುತ್ತಾರೆ. ಒಂದು ಪಾತ್ರದ ಮೇಲೆ ಮನಸ್ಸು ಕೂರುವಷ್ಟರಲ್ಲಿ ಇನ್ನೊಂದು ಮನೆಯ ಬಾಗಿಲು ತೆರೆಯುತ್ತದೆ.

ಇಂಥ ಚಿತ್ರಗಳನ್ನು ಹುಡುಕಿ ನೋಡುವವಳು:

ಮೇಲಿನವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅವರ ತೀರ್ಪು ಒಪ್ಪಿಗೆಯಿಲ್ಲ. ಹಲವು ಕಥೆಗಳ ಚಿತ್ರದ ಬಗ್ಗೆ ಜನ ಹೇಳುವ ಅಭಿಪ್ರಾಯ ಇಡೀ ಚಿತ್ರದ್ದಾಗಿರುವುದು ಬಹಳ ಅಪರೂಪ. ಪ್ರತಿಯೊಬ್ಬರೂ ಅದರಲ್ಲಿ ಒಂದು ಕಥೆಯನ್ನು ತಮ್ಮದಾಗಿ ಮಾಡಿಕೊಂಡಿರುತ್ತಾರೆ, ಕೆಲವೊಮ್ಮೆ ತಮಗೇ ಗೊತ್ತಿಲ್ಲದಂತೆ. ಆ ಕಥೆಗೆ ನ್ಯಾಯ ಸಿಕ್ಕರೆ ಚಿತ್ರ ಅದ್ಭುತ. ಅದು ನಡುವೆಯೇ ಕೈಬಿಟ್ಟುಹೋದರೆ ಚಿತ್ರ ಕಳಪೆ. ಉಳಿದ ನಾಲ್ಕೈದು ಕಥೆಗಳು ಅವರ ಲೆಕ್ಕದಲ್ಲಿ ಬರೀ ಅಡಚಣೆ.

ನಮ್ಮ ಬಳಗದಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದೇ ಸಾಲಿನಲ್ಲಿ ಕುಳಿತು ನೋಡಿ ಹೊರಗೆ ಬಂದಾಗ ನಮ್ಮ ಅತ್ತಿಗೆ ಬೇರೆಯಾಗುವ ದಂಪತಿಯ ಬಗ್ಗೆಯೇ ಮಾತಾಡುತ್ತಿದ್ದರು. ಆ ಹೆಂಡತಿ ಕೊನೆಗೂ ಬಾಯಿ ಬಿಟ್ಟು ಹೇಳಬೇಕಾದ್ದನ್ನು ಹೇಳಲೇ ಇಲ್ಲ ಎಂಬುದು ಅವರ ದೂರು. ಅಣ್ಣನಿಗೆ ಆ ದಂಪತಿ ನೆನಪಿಗೇ ಬರುತ್ತಿರಲಿಲ್ಲ. ತಂದೆಯ ಜೊತೆ ಜಗಳವಾಡಿ ಮನೆ ಬಿಟ್ಟ ಮಗನ ಕಥೆಯಲ್ಲಿ ಅವನು ಸಿಕ್ಕಿಕೊಂಡಿದ್ದ. ಚಿತ್ರ ಉದ್ದವಾಯಿತು ಎಂದು ಇಬ್ಬರೂ ಹೇಳಿದರು. ಕತ್ತರಿಸಬೇಕಾದ ಭಾಗ ಯಾವುದು ಎಂದು ಕೇಳಿದಾಗ ಒಬ್ಬರು ಇನ್ನೊಬ್ಬರ ಪ್ರೀತಿಯ ಕಥೆಯನ್ನೇ ತೋರಿಸಿದರು.

ಆದ್ದರಿಂದ ಚಿತ್ರ ನೋಡಿ ಬಂದವರನ್ನು ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ. ‘ಯಾವ ಕಥೆ ಮತ್ತೆ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದಿರಿ’ ಎಂದು ಕೇಳಿ. ಉತ್ತರ ತಟ್ಟನೆ ಬಂದರೆ ಅವರ ಹೊಗಳಿಕೆ, ತೆಗಳಿಕೆ ಎರಡಕ್ಕೂ ಒಂದು ಆಧಾರ ಸಿಗುತ್ತದೆ. ಅಮ್ಮನಿಗೆ ಆ ಮುದುಕಿಯ ಕಥೆ ಹಿಡಿಸಬಹುದೆಂದು ನಿಮಗೆ ಅನಿಸಿದ್ದರೆ, ಅದೇ ಕಥೆಗೆ ಕಾದವರ ಅಭಿಪ್ರಾಯ ಮಾತ್ರ ನಿಮಗೆ ಬೇಕಾದದ್ದು. ಮೊದಲ ಪ್ರೀತಿಯ ಹುಡುಗನಿಗಾಗಿ ಕಾದವರು ಏನಾದರೂ ಹೇಳಿಕೊಳ್ಳಲಿ.

ಸಂಕಲನದ ಕೆಲಸ ಮಾಡುವವನು:

ಮೊದಲು ಬರೆದವರ ದೂರಿಗೆ ನಮ್ಮ ಮೇಜಿನ ಕಡೆಯಿಂದ ಒಂದು ಲೆಕ್ಕ. ಚಿತ್ರದ ಅವಧಿ 150 ನಿಮಿಷ, ಕಥೆಗಳು ಆರು ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ಒಂದೊಂದಕ್ಕೆ ಸಿಗುವುದು 25 ನಿಮಿಷ. ಅಷ್ಟರಲ್ಲಿ ಪಾತ್ರ ಹುಟ್ಟಬೇಕು, ಇಕ್ಕಟ್ಟಿಗೆ ಸಿಲುಕಬೇಕು, ಬದಲಾಗಬೇಕು. ಕಾದಂಬರಿಯ ನಿರೀಕ್ಷೆ ಹೊತ್ತು ಹೋದವರಿಗೆ ಸಣ್ಣಕಥೆ ಸಿಗುತ್ತದೆ, ‘ಪಾತ್ರಗಳಿಗೆ ಆಳವಿಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಕೆಲವು ಬರಹಗಾರರಿಗೆ ಆ 25 ನಿಮಿಷ ಸಾಕು. ಗಂಡನಿಗೆ ಬಂದ ಕರೆಯನ್ನು ಹೆಂಡತಿ ನೋಡಿಯೂ ನೋಡದಂತೆ ಪಾತ್ರೆ ಒರೆಸುತ್ತಲೇ ಇರುವ ಒಂದು ದೃಶ್ಯ ಹತ್ತು ವರ್ಷದ ದಾಂಪತ್ಯವನ್ನು ಹೇಳಿಬಿಡುತ್ತದೆ. ಆ ಶಕ್ತಿಯಿಲ್ಲದವರು ಅದನ್ನೇ ಸಂಭಾಷಣೆಯಲ್ಲಿ ಹೇಳಿಸುತ್ತಾರೆ.

ಕತ್ತರಿ ಹಾಕುವಾಗ ನಾವು ಪ್ರತಿ ಕಥೆಗೂ ಒಂದು ಪರೀಕ್ಷೆ ಇಡುತ್ತೇವೆ: ಇದನ್ನು ಪೂರ್ತಿ ತೆಗೆದರೆ ಉಳಿದವು ನಿಲ್ಲುತ್ತವೆಯೇ? ನಿಲ್ಲುವುದಾದರೆ ಅದು ಹೆಣೆದ ಕಥೆಯಲ್ಲ, ಪಕ್ಕದಲ್ಲಿ ಇಟ್ಟ ಕಥೆ. 2003ರ ‘ಲವ್ ಆ್ಯಕ್ಚುಯಲಿ’ ಚಿತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಯ ಕಥೆಯನ್ನೂ ಚಿತ್ರಿಸಿದ್ದರು. ಅಂತಿಮ ಪ್ರತಿಯಲ್ಲಿ ಅದು ಇಲ್ಲ. ಅದರ ಜಾಗ ಖಾಲಿಯಿದೆ ಎಂದು ನೋಡಿದವರಿಗೆ ಅನಿಸಲೂ ಇಲ್ಲ. ಒಳ್ಳೆಯ ಕಥೆಯೇ ಇರಬಹುದು, ಆದರೆ ಉಳಿದವುಗಳಿಗೆ ಅದರ ಹಂಗಿರಲಿಲ್ಲ.

ಇನ್ನೊಂದು ಮಾತು, ನಗು ಮತ್ತು ಅಳುವಿನ ಬಗ್ಗೆ. ಆಸ್ಪತ್ರೆಯ ದೃಶ್ಯದಿಂದ ನೇರವಾಗಿ ತಮಾಷೆಯ ದೃಶ್ಯಕ್ಕೆ ಜಿಗಿದರೆ ಪ್ರೇಕ್ಷಕರು ಮೊದಲ ಕೆಲವು ಸೆಕೆಂಡು ನಗುವುದಿಲ್ಲ. ನಗಬಹುದೇ ಎಂದು ತಮ್ಮೊಳಗೇ ಅನುಮತಿ ಕೇಳಿಕೊಳ್ಳುತ್ತಾರೆ. ನಡುವೆ ರಸ್ತೆಯ ಓಡಾಟವನ್ನೋ ಹಾಡಿನ ತುಣುಕನ್ನೋ ಇಟ್ಟು ಉಸಿರಾಡಲು ಬಿಟ್ಟರೆ ಎರಡೂ ಉಳಿಯುತ್ತವೆ. ‘ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ’ ಎಂದು ಹಲವರು ಬರೆದಿದ್ದಾರೆಂದರೆ ಸಂಕಲನದಲ್ಲಿ ಈ ಜಾಗ ಬಿಟ್ಟಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ಗಣಿತ ಕಲಿಸುವವರು:

ಅಂಕಿಗಳ ಬಗ್ಗೆ ಚಿಕ್ಕದಾಗಿ. ಹತ್ತಕ್ಕೆ 6.5 ಎಂದು ಕಂಡರೆ ‘ಸಾಧಾರಣ ಚಿತ್ರ’ ಎಂದು ಮುಗಿಸಬೇಡಿ. ಎಲ್ಲರೂ 6, 7 ಕೊಟ್ಟರೂ ಸರಾಸರಿ 6.5, ಅರ್ಧ ಜನ 9, ಉಳಿದರ್ಧ ಜನ 4 ಕೊಟ್ಟರೂ 6.5. ಇಂಥ ಚಿತ್ರಗಳಲ್ಲಿ ಎರಡನೆಯದೇ ಹೆಚ್ಚು. ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಎಂಬ ವಿವರ ಇದ್ದಲ್ಲಿ ಅದನ್ನು ತೆರೆದು ನೋಡಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣವಾದ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಅಂಕ ಇನ್ನೂ ಬೇರೆ. ಅದು ವಿಮರ್ಶಕರಲ್ಲಿ ಎಷ್ಟು ಪಾಲು ಜನ ಒಟ್ಟಾರೆ ಮೆಚ್ಚಿದರು ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಮೆಚ್ಚಿದರು ಎಂಬುದನ್ನಲ್ಲ. ‘ಪರವಾಗಿಲ್ಲ’ ಎಂದವರೂ ‘ಅಪೂರ್ವ’ ಎಂದವರೂ ಅಲ್ಲಿ ಒಂದೇ ಲೆಕ್ಕ.

ಹಳೆಯ ಸಿನಿಮಾಗಳ ಹುಚ್ಚಿರುವವರು:

ಇದು ಹೊಸ ಖಯಾಲಿ ಎಂದು ಯಾರಾದರೂ ಹೇಳುವ ಮೊದಲು ನೆನಪಿಸುತ್ತೇನೆ. 1932ರ ‘ಗ್ರ್ಯಾಂಡ್ ಹೋಟೆಲ್’ ಒಂದೇ ಹೋಟೆಲಿನಲ್ಲಿ ತಂಗಿದ ಹಲವರ ಕಥೆಗಳನ್ನು ಹೆಣೆದು ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ತಮಾಷೆಯೆಂದರೆ ಬೇರೆ ಯಾವ ವಿಭಾಗದಲ್ಲೂ ಅದಕ್ಕೆ ನಾಮನಿರ್ದೇಶನವೇ ಇರಲಿಲ್ಲ, ನಟನೆಗೂ ಇಲ್ಲ, ನಿರ್ದೇಶನಕ್ಕೂ ಇಲ್ಲ. ಇಡೀ ಗುಂಪು ಗೆದ್ದಿತು, ಗುಂಪಿನೊಳಗಿನ ಯಾರೂ ಗೆಲ್ಲಲಿಲ್ಲ. ರಾಬರ್ಟ್ ಆಲ್ಟ್‌ಮನ್ ಅವರ 1975ರ ‘ನ್ಯಾಶ್‌ವಿಲ್’ನಲ್ಲಿ ಮುಖ್ಯ ಪಾತ್ರಗಳೇ 24. ಅಷ್ಟೂ ಜನರ ಹೆಸರು ನೆನಪಿಟ್ಟುಕೊಂಡು ಹೊರಬಂದ ಪ್ರೇಕ್ಷಕರು ಇದ್ದಾರೆಂದು ನಾನು ನಂಬುವುದಿಲ್ಲ. ನಿರ್ದೇಶಕರೂ ಅದನ್ನು ನಿರೀಕ್ಷಿಸಿರಲಾರರು.

ಅಭಿಪ್ರಾಯ ಹೋಳಾಗುವುದಕ್ಕೆ ನನಗೆ ಕಾಣುವ ಕಾರಣ ಬೇರೆ. ಕಥೆಗಳನ್ನು ಕಟ್ಟುವ ಹಗ್ಗ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವು ಚಿತ್ರಗಳಲ್ಲಿ ಅದು ಸ್ಥಳ: ಹೋಟೆಲು, ವಠಾರ, ರೈಲು. ಕೆಲವದರಲ್ಲಿ ಒಂದು ಘಟನೆ. ಆಲ್ಟ್‌ಮನ್ ಅವರದೇ 1993ರ ‘ಶಾರ್ಟ್ ಕಟ್ಸ್’ ಕೊನೆಯಲ್ಲಿ ಭೂಕಂಪವೊಂದು ಎಲ್ಲರ ಮನೆಯನ್ನೂ ಒಟ್ಟಿಗೆ ಅಲುಗಿಸುತ್ತದೆ. ಆದರೆ ಆ ಜನರೆಲ್ಲ ಒಂದೇ ಕಡೆ ಬಂದು ಸೇರುವುದೇನೂ ಇಲ್ಲ. ಇನ್ನು ಕೆಲವದರಲ್ಲಿ ಹಗ್ಗ ಬರೀ ಒಂದು ಭಾವ, ಎಲ್ಲರೂ ಯಾರನ್ನೋ ಕಳೆದುಕೊಂಡವರು ಎಂಬಷ್ಟೇ. ಕೊನೆಗೆ ಎಲ್ಲರೂ ಒಂದೇ ಕೋಣೆಗೆ ಬಂದು ಸೇರುತ್ತಾರೆ ಎಂದು ಕಾದವರಿಗೆ ಈ ಕೊನೆಯ ಬಗೆ ಮೋಸದಂತೆ ಕಾಣುತ್ತದೆ. ‘ತಲೆಬುಡವಿಲ್ಲ’ ಎಂಬ ಮಾತು ಬಹುಮಟ್ಟಿಗೆ ಇವರದು. ನಿಮ್ಮ ಅಮ್ಮ ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯಕ್ಕೆ ಕಾಯುವ ಜಾತಿಯವರಾದರೆ ಇದನ್ನು ಮುಂಚೆಯೇ ವಿಚಾರಿಸಿಕೊಳ್ಳಿ. ‘ಕೊನೆಗೆ ಎಲ್ಲರೂ ಸೇರುತ್ತಾರೆಯೇ’ ಎಂದು ಕೇಳಿದರೆ ಕಥೆ ಬಯಲಾಗುವುದಿಲ್ಲ. ಹೌದು, ಇಲ್ಲ ಎಂದಷ್ಟೇ ಹೇಳಿ ಎನ್ನಿ.

ಒಂದರ ನಂತರ ಒಂದು ಬರುವ ಬಿಡಿ ಕಥೆಗಳ ಚಿತ್ರವನ್ನೂ ಇದನ್ನೂ ಜನ ಬೆರೆಸಿಬಿಡುತ್ತಾರೆ. ಪುಟ್ಟಣ್ಣ ಕಣಗಾಲರ 1976ರ ‘ಕಥಾ ಸಂಗಮ’ದಲ್ಲಿ ಮೂರು ಕಥೆಗಳಿವೆ, ಪ್ರತಿಯೊಂದೂ ತಾನಾಗಿ ಮುಗಿಯುತ್ತದೆ. ಎಳೆ ತಪ್ಪುವ ಭಯವಿರುವವರಿಗೆ ಆ ಬಗೆಯೇ ಹಿತ.

ಕೇಳಿದವರು:

ಇಷ್ಟೊಂದು ಉತ್ತರಕ್ಕೆ ಧನ್ಯವಾದ. ‘ಯಾವ ಕಥೆಗೆ ಕಾಯುತ್ತಿದ್ದಿರಿ’ ಎಂದು ಕಚೇರಿಯಲ್ಲಿ ಇಬ್ಬರನ್ನು ಕೇಳಿ ನೋಡಿದೆ. ಚಿತ್ರವನ್ನು ಬಾಯ್ತುಂಬ ಬೈದಿದ್ದವರು ಕೂಡಲೇ ‘ಆ ಮುದುಕಿಯದು’ ಎಂದರು. ಆಕೆ ಇರುವುದೇ ಸ್ವಲ್ಪ ಹೊತ್ತು, ಇನ್ನಷ್ಟು ತೋರಿಸಬೇಕಿತ್ತು ಎಂಬುದೇ ಅವರ ಬೈಗುಳದ ತಿರುಳು. ಹೊಗಳಿದ್ದವರು ಯೋಚಿಸಿ, ‘ಹಾಗೇನೂ ಇಲ್ಲ, ಒಟ್ಟಾರೆ ಚೆನ್ನಾಗಿತ್ತು’ ಎಂದರು. ಬೈಗುಳವೇ ಹೆಚ್ಚು ಪ್ರಯೋಜನಕ್ಕೆ ಬಂತು! ಈಗ ಇನ್ನೊಂದು ಸಂದೇಹ: ಯಾರು ಯಾರಿಗೆ ಏನಾಗಬೇಕು ಎಂದು ಅಮ್ಮನಿಗೆ ಮುಂಚಿತವಾಗಿ ಹೇಳಿಡಬಹುದೇ?

ತಾಯಿಯ ಜೊತೆ ಸಿನಿಮಾ ನೋಡುವ ಮಗ:

ಪಾತ್ರಗಳ ಪಟ್ಟಿ ಒಪ್ಪಿಸಬೇಡಿ, ಅದು ಪರೀಕ್ಷೆಯ ತಯಾರಿಯಂತಾಗುತ್ತದೆ. ಒಂದೇ ವಾಕ್ಯ ಸಾಕು: ‘ಇದರಲ್ಲಿ ನಾಲ್ಕೈದು ಮನೆಗಳ ಕಥೆ ಇದೆ, ಮೊದಲ ಅರ್ಧ ಗಂಟೆ ಯಾರು ಯಾರೆಂದು ತಿಳಿಯದಿದ್ದರೂ ಚಿಂತೆಯಿಲ್ಲ.’ ನಮ್ಮ ತಾಯಿ ಗೊಂದಲಕ್ಕೆ ಹೆದರುವವರಲ್ಲ. ಉಳಿದವರಿಗೆಲ್ಲ ಅರ್ಥವಾಗಿ ತಮಗೊಬ್ಬರಿಗೆ ಆಗಲಿಲ್ಲ ಎಂಬ ಅನುಮಾನವೇ ಅವರನ್ನು ಸುಸ್ತು ಮಾಡುತ್ತಿತ್ತು. ಎಲ್ಲರಿಗೂ ಹಾಗೆಯೇ ಎಂದು ಗೊತ್ತಾದ ಮೇಲೆ ಅವರು ನನಗಿಂತ ಬೇಗ ಪಾತ್ರಗಳನ್ನು ಗುರುತು ಹಿಡಿಯುತ್ತಾರೆ. ಹೆಸರಿನಿಂದಲ್ಲ, ‘ಹಸಿರು ಸ್ವೆಟರಿನವಳು’, ‘ಸದಾ ತಡವಾಗಿ ಬರುವವನು’ ಎಂದು. ಕೆಲವು ನಿರ್ದೇಶಕರೂ ಇದೇ ಉಪಾಯ ಬಳಸುತ್ತಾರೆ. ಅನುರಾಗ್ ಬಸು 2020ರ ‘ಲೂಡೊ’ದಲ್ಲಿ ನಾಲ್ಕು ಕಥೆಗಳಿಗೆ ಆಟದ ಹಲಗೆಯ ನಾಲ್ಕು ಬಣ್ಣಗಳನ್ನೇ ಕೊಟ್ಟರು.

ಮಧ್ಯಂತರದಲ್ಲಿ ಸಂದೇಹ ತೀರಿಸಿ. ನಡುನಡುವೆ ಕಿವಿಯಲ್ಲಿ ವಿವರಿಸುತ್ತ ಹೋದರೆ ವಿವರಿಸುವಾಗ ಬಂದ ದೃಶ್ಯ ಇಬ್ಬರಿಗೂ ತಪ್ಪುತ್ತದೆ, ಮುಂದಿನ ಗೊಂದಲ ಅಲ್ಲಿಂದ ಶುರು. ಮನೆಯಲ್ಲೇ ನೋಡುವುದಾದರೆ ನಿಲ್ಲಿಸಿ ಮಾತಾಡಬಹುದು ಎಂಬ ಅನುಕೂಲವಿದೆ. ಆದರೆ ಇವತ್ತು ಅರ್ಧ, ನಾಳೆ ಅರ್ಧ ಎಂದು ಮಾತ್ರ ನೋಡಬೇಡಿ. ಒಬ್ಬ ನಾಯಕನ ಕಥೆ ಮರುದಿನಕ್ಕೂ ತಲೆಯಲ್ಲಿ ಉಳಿದಿರುತ್ತದೆ, ಆರು ಮನೆಗಳ ಕಥೆ ಉಳಿಯುವುದಿಲ್ಲ.

ಇಬ್ಬರು ಮಕ್ಕಳ ತಾಯಿ:

ಮಗನ ವಯಸ್ಸು ನೀವು ಹೇಳಿಲ್ಲ. ಜಾಹೀರಾತಿನಲ್ಲಿ ತೋರಿಸುವುದು ಐದು ನಗುವ ಕಥೆಗಳನ್ನು. ಆರನೆಯದು ಸಾವಿನದೋ ದೊಡ್ಡವರ ಒಳಜಗಳದ್ದೋ ಆಗಿರುತ್ತದೆ. ವಯೋಮಿತಿಯ ಪ್ರಮಾಣಪತ್ರ ನೋಡಿಕೊಳ್ಳಿ. ನಿಧಾನದ ಬಗ್ಗೆ ಚಿಂತೆ ಬೇಡ. ಒಂದು ಕಥೆ ಹಿಡಿಸದಿದ್ದರೆ ಕೆಲವೇ ನಿಮಿಷದಲ್ಲಿ ಇನ್ನೊಂದು ಬರುತ್ತದೆ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಒಗ್ಗುತ್ತದೆ.

ಕೊನೆಯಲ್ಲಿ ಬರೆದವರು:

ಎಲ್ಲರೂ ಪ್ರೇಕ್ಷಕರ ಮನಸ್ಸನ್ನೇ ಬಗೆದು ನೋಡುತ್ತಿದ್ದೀರಿ. ಚಿತ್ರವೇ ಕೆಟ್ಟದಿರಬಹುದು ಎಂಬ ಸಾಧ್ಯತೆಗೂ ಸ್ವಲ್ಪ ಜಾಗ ಕೊಡಿ. ದೊಡ್ಡ ನಟರನ್ನು ಸೇರಿಸಿ, ಪ್ರತಿಯೊಬ್ಬರಿಗೂ ನಾಲ್ಕು ದಿನದ ಚಿತ್ರೀಕರಣ ಹಂಚಿ, ಆಮೇಲೆ ಹೊಲಿಗೆ ಹಾಕಿದ ಚಿತ್ರಗಳೂ ಇವೆ. ಅಲ್ಲಿ ಯಾವ ಕಥೆಗೆ ಕಾದಿರಿ ಎಂದು ಕೇಳಿದರೆ ಉತ್ತರವೇ ಇರುವುದಿಲ್ಲ, ನಿಮ್ಮ ಕಚೇರಿಯ ಆ ಎರಡನೆಯವರಂತೆ. ಅವರ ‘ಒಟ್ಟಾರೆ ಚೆನ್ನಾಗಿತ್ತು’ ಎಂಬುದನ್ನು ನಾನಾಗಿದ್ದರೆ ಹೊಗಳಿಕೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಾನು ನೋಡುವುದು ಇಷ್ಟು. ಚಿತ್ರದ ಬಗ್ಗೆ ಬರೆದವರು ಪಾತ್ರಗಳು ಏನು ಮಾಡಿದವು ಎಂದು ಹೇಳುತ್ತಾರೋ, ನಟರ ಹೆಸರನ್ನಷ್ಟೇ ಹೇಳುತ್ತಾರೋ? ‘ಆ ಮುದುಕಿ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಡುವಾಗ’ ಎಂದು ಯಾರಾದರೂ ಶುರು ಮಾಡಿದರೆ, ಮುಂದೆ ಬೈದರೂ ಸರಿ, ನಾನು ಟಿಕೆಟ್ ತೆಗೆಯುತ್ತೇನೆ. ಹತ್ತು ಜನ ಬರೆದೂ ಹತ್ತರಲ್ಲಿಯೂ ‘ಇಂಥವರು ಚೆನ್ನಾಗಿ ನಟಿಸಿದ್ದಾರೆ, ಇಂಥವರೂ ಇದ್ದಾರೆ’ ಎಂಬುದಷ್ಟೇ ಇದ್ದರೆ ಆ ಸಂಜೆ ಬೇರೆ ಚಿತ್ರಕ್ಕೆ ಹೋಗಿ.