ಮೊದಲ ಡೈವ್ ಕಂಪ್ಯೂಟರ್ ಯಾವುದು ತಗೊಳ್ಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ಇತ್ತೀಚೆಗಷ್ಟೇ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ. ಮಳೆ ನಿಂತು ಸಮುದ್ರ ತಿಳಿಯಾದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡಬೇಕು ಅಂತ ಆಸೆ. ಅಷ್ಟರೊಳಗೆ ಸ್ವಂತದ್ದೊಂದು ಡೈವ್ ಕಂಪ್ಯೂಟರ್ (ನೀರೊಳಗೆ ಆಳ, ಇರಬಹುದಾದ ಸಮಯ ತೋರಿಸುವ, ಕೈಗೆ ಕಟ್ಟುವ ಸಾಧನ) ಬೇಕು.

ಕಳೆದ ಸಲ ಬಾಡಿಗೆಗೆ ತಗೊಂಡದ್ದು ನೀರೊಳಗೆ ಇರುವಾಗಲೇ ಬ್ಯಾಟರಿ ಮುಗಿದು ಆಫ್ ಆಯಿತು. ಎಷ್ಟು ಆಳದಲ್ಲಿದ್ದೇನೆ, ಇನ್ನೆಷ್ಟು ನಿಮಿಷ ಇರಬಹುದು, ಏನೂ ಗೊತ್ತಾಗದೆ ನಿಜವಾಗಿಯೂ ಹೆದರಿದೆ, ಜೊತೆಗೆ ಡೈವ್ ಮಾಡುತ್ತಿದ್ದ ಸಂಗಾತಿಗೆ ಸನ್ನೆ ಮಾಡಿ ಇಬ್ಬರೂ ಒಟ್ಟಿಗೇ ನಿಧಾನಕ್ಕೆ ಮೇಲೆ ಬಂದೆವು. ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ PADI ಸಂಸ್ಥೆಯ ಡೈವ್ ಟೇಬಲ್ ಪ್ರಕಾರ 18 ಮೀಟರ್‌ನಲ್ಲಿ ಮೊದಲ ಡೈವ್‌ಗೆ ಹೆಚ್ಚೆಂದರೆ 56 ನಿಮಿಷ ಅಂತ ಕಲಿತಿದ್ದೇವೆ, ಸರಿ. ಆದರೆ ಆಳ ಏರಿಳಿಯುತ್ತಲೇ ಇರುತ್ತದೆ ಅಲ್ವಾ, ಎರಡನೇ ಡೈವ್‌ಗೆ ಇಳಿಯುವಾಗ ಮೊದಲ ಡೈವ್‌ನಲ್ಲಿ ಉಸಿರಾಡಿದ ಗಾಳಿಯಿಂದ ಮೈಗೆ ಸೇರಿದ ನೈಟ್ರೋಜನ್ ಬೇರೆ ಉಳಿದಿರುತ್ತದೆ, ಹಾಗಾಗಿ ಸಮಯ ಇನ್ನೂ ಕಡಿಮೆಯಾಗುತ್ತದೆ. ಅದನ್ನೆಲ್ಲ ತಲೆಯಲ್ಲಿ ಲೆಕ್ಕ ಹಾಕೋದು ನನ್ನಿಂದ ಆಗಲ್ಲ.

ಕ್ರೆಸ್ಸಿ ಲಿಯೊನಾರ್ಡೊ, ಮಾರೆಸ್ ಪಕ್ ಪ್ರೊ, ಸುಂಟೋ ಜೂಪ್ ನೋವೋ, ಈ ಮೂರರಲ್ಲಿ ಒಂದು ಅಂತ ಯೋಚನೆ. ಮೊದಲ ಎರಡಕ್ಕೆ ಒಂದೇ ಬಟನ್. ನನಗೆ ದೊಡ್ಡ ಅಂಕಿ ಕಾಣಬೇಕು, ನಮ್ಮ ಕರಾವಳಿಯ ನೀರು ಕೆಲವು ದಿನ ಮಬ್ಬಾಗಿರುತ್ತದೆ. ಬ್ಯಾಟರಿ ಮನೆಯಲ್ಲೇ ಬದಲಿಸುವಂತಿರಬೇಕು. ಮುಂದೆ ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿರುವ ಗಾಳಿ) ಬಳಸೋದು ಕಲಿತರೂ ಅದೇ ಸಾಕಾಗಬೇಕು. ಟ್ಯಾಂಕ್ ಗಾಳಿ ತೋರಿಸುವ ವೈರ್‌ಲೆಸ್, ಬಣ್ಣದ ಸ್ಕ್ರೀನ್ ಇವಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡೋದು ಬೇಡ.

ಬಳಸಿದವರು ಹೇಳಿ. ಸೆಕೆಂಡ್ ಹ್ಯಾಂಡ್ ತಗೊಂಡರೆ ಏನೇನು ನೋಡಬೇಕು? ಮಂಗಳೂರು, ಉಡುಪಿ ಕಡೆ ಯಾರ ಹತ್ತಿರವಾದರೂ ಇದ್ದರೆ ಒಮ್ಮೆ ಕೈಗೆ ಕಟ್ಟಿ ನೋಡಲು ಕೊಡ್ತೀರಾ? ನಾನೇ ಬರುತ್ತೇನೆ.